ಗಿಡಕ್ಕೆ ಹೇಳಿದೆ, ನನಗೆ ಹೇಳಲಿಲ್ಲ

ಯಾವಗಲ್ ಊರಿನ ನನ್ನ ಚಿಗವ್ವನಿಗೆ,

'ನಾನು ಆರಾಮ, ನೀನೂ ಆರಾಮ ಇದ್ದೀ ಎಂದು ತಿಳಿದಿದ್ದೇನೆ' ಎಂದು ಕಾಗದ ಶುರು ಮಾಡಲು ಕಲಿಸಿದವಳು ನೀನೇ. ಆ ಸಾಲನ್ನು ನಂಬಿಯೇ ನಾನು ಮೋಸಹೋದೆ. ಈ ಸಲ ಅದನ್ನು ಬರೆಯುವುದಿಲ್ಲ. ನೀನು ಹೋಗಿ ವರ್ಷವಾಗುತ್ತ ಬಂತು, ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಗಜೇಂದ್ರಗಡದ ಗುಡ್ಡಕ್ಕೆ ನಾವಿಬ್ಬರೂ ಮೊದಲ ಸಲ ಹೋದದ್ದು ನೆನಪಿದೆಯೇ? ನಾನಾಗ ಧಾರವಾಡದ ಒಂದು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದೆ. ಔಷಧಿ ಗಿಡಗಳ ಸತ್ವ ಇಳಿಸಿ, ಅದು ಎದೆಯ ಕ್ಯಾನ್ಸರಿನ ಮೇಲೆ ಏನಾದರೂ ಮಾಡುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಊರವರ ಬಾವು, ಗಂಟುಗಳಿಗೆ ನೀನು ಅರೆದು ಕಟ್ಟುತ್ತಿದ್ದ ಆ ಎಲೆ ನನಗೆ ಬೇಕಿತ್ತು. ರೋಣದಲ್ಲಿ ಬಸ್ಸು ಬದಲಿಸಿ ಗುಡ್ಡ ಮುಟ್ಟುವಷ್ಟರಲ್ಲಿ ಸಂಜೆ. ನಾನು ಚೀಲ ಬಿಚ್ಚಿದರೆ ನೀನು ಕೈ ಹಿಡಿದೆ.

"ಇವತ್ತ ಎಲಿ ಹರಿಯಂಗಿಲ್ಲ. ಹೇಳಿ ಹೋಗೂಣು, ನಾಳಿ ಬರೂಣು."

"ಯಾರಿಗೆ ಹೇಳೂದು?"

"ಗಿಡಕ್ಕ, ಶ್ಯಾಣ್ಯಾಕಿ. ನಿನ್ನ ಕಿವ್ಯಾಗಿನ ಓಲಿ ಯಾರರ ಹೇಳದ ಕೇಳದ ಬಿಚ್ಕೊಂಡ್ರ ಸುಮ್ನ ಇರ್ತೀಯೇನ?"

ಬುಡಕ್ಕೆ ಅಕ್ಕಿ, ಅರಿಷಿಣ ಹಾಕಿ, "ನಾಳಿ ಬರ್ತೀವಿ ತಾಯಿ" ಎಂದು ಹೇಳಿ ನನ್ನನ್ನು ಬರಿಗೈಯಲ್ಲಿ ಇಳಿಸಿಕೊಂಡು ಬಂದೆ. ಮರುದಿನವೇ ನಾವು ಎಲೆ ಹರಿದದ್ದು.

ನಿನ್ನ ಎಲೆಯ ಸುದ್ದಿ ಹೇಳಲು ನಾನು ಯಾವಗಲ್ಲಿಗೆ ಓಡಿ ಬಂದ ದಿನ, ನೀನು ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದೆ. ಮಗ್ಗುಲಲ್ಲಿ ನೆರೆಮನೆಯ ನೀಲವ್ವ. ಎಂದೋ ಒಬ್ಬ ಹೆಂಗಸಿನ ಮೈಯಿಂದ ತೆಗೆದ ಕ್ಯಾನ್ಸರ್ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇವೆ, ನಿನ್ನ ಎಲೆಯ ಸತ್ವ ಬಿದ್ದಲ್ಲಿ ಅವು ಸತ್ತವು ಎಂದೆ.

"ತಾಟಿನ್ಯಾಗ ರೋಗ ಸಾಕ್ತೀರೇನವಾ?" ಎಂದಳು ನೀಲವ್ವ. "ನಮಗ ಒಂದ ಎಮ್ಮಿ ಸಾಕೂದ ಆಗವಲ್ದು."

ನಾನು ನಕ್ಕೆ. ನೀನು ನಗಲಿಲ್ಲ. "ಆ ಕಣ ಕೊಟ್ಟಾಕಿ ಗುಣ ಆದ್ಲೇನು?" ಎಂದು ಕೇಳಿದೆ.

"ಆಕಿ ಯಾವಾಗೋ ಹೋದ್ಲು. ಆಕಿದ ಬಿಡು ಚಿಗವ್ವ. ನಿನ್ನ ಎಲಿಯೊಳಗ ಗುಣ ಐತಿ, ಖರೇನ ಐತಿ."

"ಗುಣ ಐತೆಲ್ಲ? ಮುಗೀತು ಬಿಡು."

ಏನು ಮುಗಿಯಿತು ಎಂದು ನಾನು ಕೇಳಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಗುಣ ಎಂದರೆ ತಟ್ಟೆಯಲ್ಲಿ ಕಂಡ ಒಂದು ಶಕ್ತಿ, ಅಷ್ಟೇ. ನಿನಗೆ ಗುಣ ಎಂದರೆ ಮಲಗಿದವಳು ಎದ್ದು ಹೊಲಕ್ಕೆ ಹೋಗುವುದು. ಆ ಮಾತನ್ನು ನಿನ್ನಿಂದಲೇ ಕಲಿತವಳು ನಾನು, ಆದರೂ...

ನೀನು ಹೋದ ದಿನ, ನಿನ್ನ ಮೈ ತೊಳೆಯಲು ಕೂತಾಗ ನೀಲವ್ವ ಕುಪ್ಪಸ ಬಿಚ್ಚಿದಳು. ಒಳಗೆ ಹಳೆಯ ಸೀರೆಯ ಪಟ್ಟಿ. ಪಟ್ಟಿಯೊಳಗೆ, ಅರೆದ ಆ ಎಲೆ. ಅದರ ಕೆಳಗಿನದನ್ನು ನಾನು ಬರೆಯಲಾರೆ. ಫೋನಿನಲ್ಲಿ "ಥಂಡಿ ಆಗೇತಿ, ದಮ್ಮ ಹತ್ತತೈತಿ, ನೀ ಬರಬ್ಯಾಡ" ಎಂದವಳು ನೀನೇ ಅಲ್ಲವೇ?

"ನೀ ಎಲಿ ಸುದ್ದಿ ಹೇಳಾಕ ಬಂದಾಗ ಎದಿಯಾಗಿನ ಗಂಟ ಕಡ್ಲಿಕಾಳಿನಷ್ಟಿತ್ತವಾ," ಎಂದಳು ನೀಲವ್ವ. "ನಿನಗ ಹೇಳಬಾರದಂತ ನನ್ನ ಕಡೆ ಆಣಿ ಹಾಕಿಸ್ಕೊಂಡಿದ್ಲು. ಗೊತ್ತಾದ್ರ ದವಾಖಾನಿಗೆ ಎಳಕೊಂಡು ಹೊಕ್ಕಾಳ, ಗುಣ ಆದ ಮ್ಯಾಲೆ ತೋರಸ್ತೀನಿ, ಆಕಿ ಪರೀಕ್ಷಾ ಪಾಸ ಆಕ್ಕೈತಿ ಅಂತಿದ್ಲು."

ಯಾರು ಕೇಳಿದ್ದರು ನಿನ್ನನ್ನು? ಕಡಲೆಕಾಳಿನಷ್ಟಿದ್ದಾಗ ತೋರಿಸಿದ್ದರೆ... ಎಲೆ ಹರಿಯುವ ಮುನ್ನ ಗಿಡಕ್ಕೆ ಹೇಳಿ ಬರುತ್ತಿದ್ದವಳು ನೀನು. ನಾನು ಆ ಗಿಡಕ್ಕಿಂತಲೂ ಕಡೆಯಾದೆನೇ?

ನೀನು ಹೋದ ಮೂರನೆಯ ತಿಂಗಳಲ್ಲಿ ಅದೇ ಸತ್ವವನ್ನು ಆರೋಗ್ಯವಂತ ಕಣಗಳ ಮೇಲೆ ಹಾಕಿ ನೋಡಿದೆವು. ಅವೂ ಸತ್ತವು. ಅದಕ್ಕೆ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂಬ ಭೇದವೇ ಇರಲಿಲ್ಲ. ತಟ್ಟೆಯೊಳಗಿನ ಕಣ ಉಪ್ಪು ಸುರಿದರೂ ಸಾಯುತ್ತದೆ, ಚಿಗವ್ವ. ಅದು ಔಷಧಿಯಾಗಲು ಇನ್ನೂ ನೂರು ಪರೀಕ್ಷೆ ದಾಟಬೇಕು. ಇದು ನನಗೆ ಅಂದೂ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ನಾನದನ್ನು ಹೇಳಲಿಲ್ಲ. ಮುಚ್ಚಿಟ್ಟವಳು ನೀನೊಬ್ಬಳೇ ಅಲ್ಲ, ಒಪ್ಪುತ್ತೇನೆ. ಆದರೆ ನಾನು ಮುಚ್ಚಿಟ್ಟದ್ದು ಖುಷಿಯ ಭರದಲ್ಲಿ. ನೀನು ಮುಚ್ಚಿಟ್ಟದ್ದು ದಿನವೂ ಪಟ್ಟಿ ಬಿಗಿದುಕೊಂಡು.

ಹೋದ ತಿಂಗಳು ನೀಲವ್ವ ನನ್ನನ್ನು ಒಳಮನೆಗೆ ಕರೆದು, ಕಂಕುಳ ಹತ್ತಿರ ಕೈಯಿಟ್ಟುಕೊಂಡು, "ಆ ಎಲಿ ಒಂದ ಹಿಡಿ ತಂದ ಕೊಡವಾ" ಎಂದಳು. ಕೇಳಿದ್ದು ಎಲೆಯನ್ನು, ನಾನು ಹತ್ತಿಸಿದ್ದು ಗದಗಿನ ಬಸ್ಸು. ದಾರಿಯುದ್ದಕ್ಕೂ ಬೈದಳು: "ಸತ್ತಾಕಿ ಮ್ಯಾಲಿನ ಸಿಟ್ಟ ನನ್ನ ಮ್ಯಾಲ ತೀರಿಸ್ಕೊಳ್ಳಾಕತ್ತೀಯಲ್ಲ."

"ಹೌದು, ತೀರಿಸ್ಕೊಳ್ಳಾಕತ್ತೀನಿ. ಸುಮ್ನ ಕುಂದ್ರು."

ದವಾಖಾನೆಯಲ್ಲಿ ನೋಡಿದವರು, ಲಗೂನೇ ಬಂದಿದ್ದೀರಿ ಎಂದರು. ಚಿಕಿತ್ಸೆ ನಡೆದಿದೆ. ತಲೆಗೂದಲು ಉದುರಿದ್ದಕ್ಕೂ ನನ್ನನ್ನೇ ಬೈಯುತ್ತಾಳೆ. ಗುಣವಾಗುತ್ತಾಳೆಯೇ ಎಂದು ಕೇಳಿದರೆ, ನೋಡೋಣ ಎನ್ನುತ್ತೇನೆ. ಗುಣ ಎಂಬ ಆ ಮಾತನ್ನು ಇನ್ನು ಸುಮ್ಮನೆ ಬಾಯಿಂದ ಬಿಡುವುದಿಲ್ಲ.

ಮೊನ್ನೆ ಸಂಜೆ ಒಬ್ಬಳೇ ಗುಡ್ಡ ಹತ್ತಿದೆ. ಗಿಡದ ಬುಡಕ್ಕೆ ಅಕ್ಕಿ, ಅರಿಷಿಣ ಹಾಕಿ, "ನಾಳಿ ಬರೂದಿಲ್ಲ ತಾಯಿ" ಎಂದೆ.

ಹೇಳದೆ ಹೋಗಬಾರದಲ್ಲವೇ, ಚಿಗವ್ವ?

ನಿನ್ನ ಶ್ಯಾಣ್ಯಾಕಿ