ಎಣ್ಣೆ ನಿಲ್ಲುವಷ್ಟು ಹೊತ್ತು

ಪ್ರೀತಿಯ ಭಾವನಿಗೆ,

ಅಲ್ಲಿ ಎಲ್ಲರೂ ಹೇಗಿದ್ದೀರಿ? ಅಮ್ಮನ ಮೊಣಕಾಲು ನೋವು ಬಿಟ್ಟಿತೋ? ಸಂಜೀವಣ್ಣನ ಕೆಮ್ಮು? ಇಲ್ಲಿ ನಮ್ಮ ಜಲಜಕ್ಕ ಗಟ್ಟಿಯಾಗಿದ್ದಾಳೆ. ನಿಮ್ಮ ಮಗಳು ವನಿತಾ ಮಾತ್ರ ಸರಿಯಾಗಿ ಊಟ ಮಾಡುತ್ತಿಲ್ಲ.

ಪಣಂಬೂರಿನಲ್ಲಿ ಲಾರಿ ತೂಗುವ ನಿಮ್ಮ ವೇಬ್ರಿಡ್ಜಿಗೆ ಮೊದಲು ಕಂಪ್ಯೂಟರ್ ತಂದ ದಿನ ನೆನಪಿದೆಯೇ? ಲಾರಿಯ ತೂಕವನ್ನು ಪರದೆಗೆ ತರುವ ಡ್ರೈವರ್ ತಂತ್ರಾಂಶವನ್ನು ನೀವೇ ಬರೆದಿರಿ, ನನಗೂ ಕಲಿಸಿದಿರಿ. ಇಬ್ಬರೂ ಕಾಲೇಜು ನೋಡಿದವರಲ್ಲ. ತೂಕ ತೋರಿಸುವ ಮೊದಲು ಸ್ವಲ್ಪ ಕಾಯಲೆಂದು ಕಂಪ್ಯೂಟರಿಗೆ ಸುಮ್ಮನೆ ಎಣಿಸುತ್ತಾ ಕೂರುವ ಕೆಲಸ ಕೊಟ್ಟಿದ್ದಿರಿ. ಏಕೆಂದು ನಾನು ಕೇಳಲೇ ಇಲ್ಲ.

ಈ ಸಲದ ಸಿಡಿಲಿಗೆ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸತರಲ್ಲಿ ಕರ್ನಲ್ಲನ್ನೇ, ಎಂದರೆ ಎಲ್ಲಕ್ಕೂ ಬುಡದಲ್ಲಿರುವ ಭಾಗವನ್ನೇ, ಬೇರೆ ರೀತಿಯಲ್ಲಿ ಕಟ್ಟಿದ್ದಾರೆ. ನಿಮ್ಮ ಡ್ರೈವರ್ ತಂತ್ರಾಂಶ ಎಣಿಸುತ್ತಾ ಕೂರಲು ಅದು ಬಿಡುವುದಿಲ್ಲ. ಎಷ್ಟೋ ದಿನ ಒದ್ದಾಡಿ ಆ ಎಣಿಕೆ ತೆಗೆದೆ. ತೂಕ ಥಟ್ಟನೆ ಬಂತು. "ಮಾಮ, ಅಪ್ಪನಿಗೆ ಬೀಡಿ ಸೇದ್ಲಿಕ್ಕೆ ಹೊತ್ತು ಬೇಕಿತ್ತು, ಬೇರೆ ಎಂತ ಇಲ್ಲ" ಎಂದು ವನಿತಾ ನಕ್ಕಳು.

ನಿಮ್ಮೊಡನೆ ಚಹಾಕ್ಕಾಗಿ ಜಗಳವಾಡುತ್ತಿದ್ದ ಟ್ಯಾಂಕರಿನ ಇಬ್ರಾಹಿಂನನ್ನು ಮರೆತಿಲ್ಲವಷ್ಟೇ? ಬಂದರಿನಿಂದ ತಾಳೆ ಎಣ್ಣೆ ತುಂಬಿಸಿ, ನಮ್ಮಲ್ಲಿ ತೂಗಿಸಿ ಹೋದ. ಕಾರ್ಖಾನೆಯಲ್ಲಿ ತೂಗಿದರೆ ಕಡಿಮೆ. ದಾರಿಯಲ್ಲಿ ಎಣ್ಣೆ ಮಾರಿದ್ದಾನೆಂದು ಕೆಲಸದಿಂದ ನಿಲ್ಲಿಸಿದರು. ನೇರ ಇಲ್ಲಿಗೇ ಬಂದ. "ಒಂದು ಸೌಟು ಎಣ್ಣೆ ಮನೆಗೆ ಕೊಂಡೋದವ ಅಲ್ಲ ಅಣ್ಣ ನಾನು. ಕಳ್ಳ ಯಾರು, ನಾನಾ, ನಿಮ್ಮ ಮಿಷಿನಾ? ಹೇಳಿ ಮಾರಾಯ್ರೆ!"

ಆಗ ಹೊಳೆಯಿತು. ಟ್ಯಾಂಕರ್ ನಿಂತರೂ ಒಳಗೆ ಎಣ್ಣೆ ತುಳುಕುತ್ತಿರುತ್ತದೆ. ಅಂಕಿ ನಿಂತಂತೆ ಕಂಡು ಮತ್ತೆ ಸರಿಯುತ್ತದೆ. ನೀವು ಕಾಯಿಸುತ್ತಿದ್ದುದು ಅದಕ್ಕೆ. ಹೊಸ ಕರ್ನಲ್ಲಿನಲ್ಲೂ ಕಾಯಬಹುದು, ಆದರೆ ಎಷ್ಟು ಹೊತ್ತೆಂದು ಮೊದಲೇ ಹೇಳಬೇಕು. ನೀವು ಎಲ್ಲಿಯವರೆಗೆ ಎಣಿಸಲು ಹೇಳಿದ್ದಿರೆಂದು ನನಗೆ ಗೊತ್ತು. ಅಷ್ಟು ಎಣಿಸಲು ಆ ಹಳೆಯ ಕಂಪ್ಯೂಟರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಹೊಸತು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತದೆ. ಕಡಿಮೆ ಕಾಯಿಸಿದರೆ ಇನ್ನೊಬ್ಬನ ಮೇಲೆ ಕಳ್ಳತನದ ಮಾತು ಬರುತ್ತದೆ. ಹೆಚ್ಚು ಕಾಯಿಸಿದರೆ ಲಾರಿಗಳ ಸಾಲು ಹೆದ್ದಾರಿಗೆ ಮುಟ್ಟಿ, ಒಬ್ಬೊಬ್ಬರೇ ಬೇರೆ ಕಡೆಗೆ ತಿರುಗುತ್ತಾರೆ. ವನಿತಾ ವೇಬ್ರಿಡ್ಜನ್ನೇ ಮುಚ್ಚಬೇಕಾಗುತ್ತದೆ. ಈ ಪುಟ್ಟ ಕೋಣೆಯಲ್ಲಿ ಹಾರ್ನ್ ಕೇಳುತ್ತಾ ಕುಳಿತಿದ್ದೇನೆ. ಎದುರಿನ ಗೋಡೆಯಲ್ಲಿ ಹಾರ ಹಾಕಿದ ನಿಮ್ಮ ಪಟ. ಇನ್ನು ಯಾರನ್ನು ಕೇಳಲಿ?

ನಿಮಗೆ ತಿಳಿಯದ ಒಂದು ಸುದ್ದಿ. ವನಿತಾ ಇವತ್ತು ಆ ಕಾರ್ಖಾನೆಗೆ ಹೋಗಿ, ತಪ್ಪು ನಮ್ಮದೆಂದು ಎಲ್ಲರೆದುರು ಹೇಳಿ ಬಂದಳು. ಇಬ್ರಾಹಿಂನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಬೇರೆ ವೇಬ್ರಿಡ್ಜಿಗೆ ಹೋಗು ಎಂದರೆ ಕೇಳುತ್ತಾನೆಯೇ? "ನಾಳೆ ಬೆಳಿಗ್ಗೆ ಮೊದಲ ಗಾಡಿ ನನ್ನದೇ. ನೀವು ಉಂಟಲ್ಲ, ನನಗೆ ಎಂತ ಹೆದರಿಕೆ?" ಎಂದು ಹೋದ.

ಎಷ್ಟು ಹೊತ್ತು ಕಾಯಿಸಲಿ, ಭಾವ? ಅವನು ಬರುವ ಮೊದಲು ಒಂದು ಸಾಲು ಬರೆಯಿರಿ.

ನಿಮ್ಮ
ವಾಮನ