ಹೂಂ ಅಂದವನಿಗೆ

ಗೆಳೆಯ ಬಂಡೆಪ್ಪನಿಗೆ ಮರೆಪ್ಪನ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವನು ನೀನೇ. 1974ರ ದೀಪಾವಳಿ ಕಳೆದ ಎರಡನೇ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಪರೇಲಿನ ನಮ್ಮ ಚಾಳಿನ ವರಾಂಡದಲ್ಲಿ ಗೋಡೆಗೆ ಬೆನ್ನು ಕೊಟ್ಟು ಹೇಳಿದೆ. ನಾನು ಕೇಳಿದೆ, ಉಡುಪಿ ಹೋಟೆಲಿನ ಕಾಂತಪ್ಪ ಕೇಳಿದ, ನಿನ್ನ ಹೆಂಡತಿ ಭಾಗವ್ವ ಜೋಳ ಹಸನು ಮಾಡುತ್ತ ಕೇಳಿದಳು. ಅದನ್ನೇ ಈಗ ನಿನಗೆ ತಿರುಗಿ ಹೇಳಬೇಕಾಗಿದೆ. ಯಾಕೆಂದರೆ ಅದರ ಶುರುವಿನ ಒಂದು ತುಂಡು ನಿನಗೆ ಗೊತ್ತಿಲ್ಲ.

ನಮ್ಮ ಮೂವರ ಹುಚ್ಚು ನೆನಪಿರಬೇಕು. ಬಾಡಿಗೆ ಲೈಬ್ರರಿಯಿಂದ ದೆವ್ವದ ಕಾದಂಬರಿ ತರುವುದು, ಓದಿದ ಮೇಲೆ ಇಂಥ ಲೇಖಕನಿಗಿಂತ ಅಂಥವನು ಚೆನ್ನಾಗಿ ಹೆದರಿಸುತ್ತಾನೆ ಎಂದು ಜಗಳವಾಡುವುದು. "ಇದೆಂತ ಹೆದರಿಕೆ ಮಾರಾಯ? ನಾನು ಹೇಳಿದವನದ್ದು ಓದು. ಮೂರು ದಿನ ನೀನು ಕಕ್ಕಸಿಗೆ ಒಬ್ಬನೇ ಹೋಗ್ಲಿಕ್ಕಿಲ್ಲ," ಎನ್ನುತ್ತಿದ್ದ ಕಾಂತಪ್ಪ. "ಚಾಳಿನ್ಯಾಗ ಒಬ್ಬನ ಹೋಗೂದು ಯಾವಾಗ ಇತ್ತೋ? ಅಲ್ಲಿ ನಡುರಾತ್ರಿಗೂ ಪಾಳಿ ಇರತೈತಿ," ಎನ್ನುತ್ತಿದ್ದೆ ನೀನು. ಆ ಪುಸ್ತಕಗಳ ಕೊನೆಯ ಖಾಲಿ ಹಾಳೆಯಲ್ಲಿ ಓದಿದವರೆಲ್ಲ ಪೆನ್ಸಿಲಿನಿಂದ ಬರೆದಿಡುತ್ತಿದ್ದರು: ಇದು ಹಿಡಿಸಿದರೆ ಇಂಥವರದನ್ನು ಓದಿ. ಹಾಗೊಂದು ಹಾಳೆಯಲ್ಲಿ ನಿನ್ನ ಕಣ್ಣಿಗೆ ಬಿದ್ದ ಸಾಲು ಬೇರೆ: "ಪುಸ್ತಕ ಸಾಕು. ಕುರ್ಲಾ ಸ್ಟೇಷನ್ ಹಿಂದಿನ ಹಳೆಯ ಟಾಕೀಸಿನಲ್ಲಿ ಭಾನುವಾರದ ಮಾರ್ನಿಂಗ್ ಶೋ ನೋಡಿ." ನೀನು ಹೋದೆ.

ನೀನು ಹೇಳಿದ ಸಿನೆಮಾ ಹೀಗಿತ್ತು. ಒಬ್ಬ ಮುದುಕಿ ಒಲೆಯ ಮುಂದೆ ಕೂತು ಕಥೆ ಹೇಳುತ್ತಾಳೆ, ಅಷ್ಟೇ. ಪಕ್ಕದವನಿಗೆ ಮರಾಠಿಯಲ್ಲಿ ಕೇಳಿಸಿತಂತೆ, ನಿನಗೆ ನಮ್ಮ ಕಲಬುರ್ಗಿ ಕಡೆಯ ಮಾತಿನಲ್ಲಿ. ಏಳು ಬಾಗಿಲ ಮನೆಯೊಳಗೆ ಸಿಕ್ಕಿಕೊಂಡ ಹುಡುಗಿ ಮೊದಲ ಬಾಗಿಲಿಗೆ ಕೈ ಹಚ್ಚಿದಳು ಎಂಬಲ್ಲಿಗೆ ಮುದುಕಿ ಮಾತು ನಿಲ್ಲಿಸಿದಳು. ಟಾಕೀಸಿನ ಫ್ಯಾನುಗಳೂ ನಿಂತವು. ಅವಳ ಕಣ್ಣು ಮಾತ್ರ ಕೂತವರ ಮೇಲೆ ಸಾಲು ಸಾಲಾಗಿ ಹರಿದಾಡಿತು. ರೀಲು ಸಿಕ್ಕಿಕೊಂಡಿತೆಂದು ಜನ ಸೀಟಿ ಹೊಡೆದರು, ಅರ್ಧ ಮಂದಿ ಎದ್ದು ಹೋದರು. ಅವಳು ಯಾತಕ್ಕೆ ಕಾಯುತ್ತಿದ್ದಾಳೆಂದು ಪಟ್ಟಣದ ಮಂದಿಗೆ ತಿಳಿಯಲಿಲ್ಲ. ನಿನಗೆ ತಿಳಿಯಿತು. ನಮ್ಮೂರಲ್ಲಿ ಕಥೆ ಕೇಳುವವರಲ್ಲಿ ಒಬ್ಬರಾದರೂ ಹೂಂ ಅನ್ನಬೇಕು; ಇಲ್ಲದಿದ್ದರೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. "ಹಿರೇ ಮನಷ್ಯಾಳು, ಒಬ್ಬಾಕೀನ ಕುಂತಿದ್ಳು. ಪಾಪ ಅನಿಸ್ತು, ಹೂಂ ಅಂದೆ," ಎಂದೆ ನೀನು. ಅವಳು ನಿನ್ನ ಕಡೆ ತಿರುಗಿ, "ಇದ್ದೀ ಏನಪಾ?" ಎಂದು ನಕ್ಕಳಂತೆ. ಫ್ಯಾನುಗಳು ತಿರುಗಿದವು.

"ಮನ್ಯಾಗ ನಾ ಹೇಳಿದ್ದಕ್ಕ ಒಂದಿನಾ ಹೂಂ ಅಂದಿಲ್ಲ, ಸಿನೆಮಾದಾಕಿಗೆ ಅಂದು ಬಂದಾರ ನೋಡ್ರಿ," ಎಂದಳು ಭಾಗವ್ವ. ನಾವೆಲ್ಲ ನಕ್ಕೆವು.

ಆಮೇಲೆ ಪ್ರತಿ ಭಾನುವಾರ ಹೋಗಿ ಒಂದೊಂದು ಬಾಗಿಲಿನ ಕಥೆ ಕೇಳಿ ಬಂದೆ. ಮೂರನೆಯ ಬಾಗಿಲಿನ ಹೊತ್ತಿಗೆ ನಿನ್ನ ಮಾತು ಕಡಿಮೆಯಾಯಿತು. ಐದನೆಯದಕ್ಕೆ ಹೂಂ ಒಂದೇ ಉಳಿಯಿತು. ಉಣ್ಣುತ್ತೀಯಾ ಎಂದರೆ ಹೂಂ. ಜ್ವರವಾ ಎಂದರೆ ಹೂಂ. ನಾವಿಬ್ಬರೂ ದುಡಿಯುವ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತಾಗ ಯಾರೂ ಏನೂ ಕೇಳದಿದ್ದರೂ ಹೂಂ. ಆರನೆಯ ಭಾನುವಾರ ನೀನು ತಿರುಗಿ ಬರಲಿಲ್ಲ.

ಮುಂದಿನ ವಾರ ನಾನು ಹೋದೆ. ಪರದೆಯ ಮೇಲೆ ಮುದುಕಿಯ ಎದುರು, ನಮಗೆ ಬೆನ್ನು ಮಾಡಿ ಒಬ್ಬ ಕೂತಿದ್ದ. ನೀಲಿ ಅಂಗಿಯ ಹೆಗಲ ಮೇಲೆ ಭಾಗವ್ವ ಹಾಕಿದ ತೇಪೆ. ನಿನ್ನ ಗಂಟಲು ಒಣಗಿ ಹೂಂ ಹೊರಡುತ್ತಲೇ ಇರಲಿಲ್ಲ, ಹಾಗಾಗಿ ಕಥೆ ಆರನೆಯ ಬಾಗಿಲಲ್ಲೇ ನಿಂತಿತ್ತು. ಮುದುಕಿ ನೀರಿನ ತಂಬಿಗೆಯನ್ನು ನಿನ್ನ ಕಡೆ ಸರಿಸಿದಳು. ಕಥೆ ಮುಗಿಯದೆ ಅವಳಿಗೂ ಏಳುವಂತಿಲ್ಲ ಎಂದು ಅವಳ ಮುಖ ನೋಡಿ ನನಗನಿಸಿತು.

ಈಗ ನಿನಗೆ ಗೊತ್ತಿಲ್ಲದ ಆ ತುಂಡು. ಆ ಪೆನ್ಸಿಲಿನ ಅಕ್ಷರ ನನ್ನದು, ಬಂಡೆಪ್ಪ. ನಿನಗಿಂತ ಮೊದಲು ನಾನು ಆ ಸಿನೆಮಾ ನೋಡಿದ್ದೆ. ಅವಳು ಯಾತಕ್ಕೆ ಕಾಯುತ್ತಾಳೆಂದು ನನಗೂ ತಿಳಿದಿತ್ತು. ಹೂಂ ತುಟಿಯ ತನಕ ಬಂದಾಗ, ಅಂದರೆ ಅವಳು ಬಿಡುವುದಿಲ್ಲವೆಂದು ಹೆದರಿ, ಟವೆಲನ್ನು ಬಾಯಿಗೆ ತುರುಕಿಕೊಂಡು ಓಡಿ ಬಂದೆ. ಅವಳನ್ನು ನಡುಗಥೆಯಲ್ಲಿ ಬಿಟ್ಟು ಬಂದದ್ದು ಮಾತ್ರ ಸುಮ್ಮನಿರಗೊಡಲಿಲ್ಲ. ಬೇರೆ ಯಾರಾದರೂ ಅನ್ನಲಿ ಎಂದು ಬರೆದಿಟ್ಟೆ. ಆ ಪುಸ್ತಕ ನಿನ್ನ ಕೈಗೆ ಬಂದಾಗಲೂ ಬಾಯಿ ಬಿಡಲಿಲ್ಲ.

ನಿನ್ನೆ ಶನಿವಾರ ಸಂಜೆ ಚಾಳಿನವರನ್ನು ಕೂಡಿಸಿ ಇಷ್ಟನ್ನೂ ಹೇಳಿದೆ. ನಾಳೆ ಹೋಗಿ ನಿನ್ನ ಜಾಗದಲ್ಲಿ ನಾನು ಕೂಡುತ್ತೇನೆ ಎಂದೂ ಹೇಳಿದೆ. ಯಾರೂ ಬೈಯಲಿಲ್ಲ. ಭಾಗವ್ವ ಎದ್ದು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಅವಳು ತಲೆ ಮಿಂದು, ಕುಂಕುಮವಿಟ್ಟು ನಿಂತಿದ್ದಳು. ಹಿಂದೆ ಹೋಟೆಲಿಗೆ ರಜೆ ಹಾಕಿದ ಕಾಂತಪ್ಪ, ಮೊಣಕಾಲು ಹಿಡಿದುಕೊಂಡು ನಡೆಯುವ ನೆರೆಮನೆಯ ಮಲ್ಲಕ್ಕ, ಚಾಳಿನ ಇನ್ನೂ ಎಂಟು ಮಂದಿ. "ಅಣ್ಣಾ, ನೀ ಒಬ್ಬಾಂವ ಹೋದ್ರ ನಿನ್ನ ಸಲುವಾಗಿ ನನ್ನಂಗ ಮತ್ತೊಬ್ಬಾಕಿ ಅಳಬೇಕಾಗತೈತಿ," ಎಂದಳು. "ಗಿರಣ್ಯಾಗ ಒಬ್ಬಾಂವ ದಣಿದ್ರ ಬದಲಿ ಆಳು ಹಾಕ್ತಾರಲ್ಲ, ಹಂಗ ಮಾಡೂಣು. ಒಬ್ಬೊಬ್ಬರು ಒಂದೊಂದು ಹೂಂ. ಒಬ್ಬರ ಕೊರಳಿಗೇ ಬೀಳಬಾರದು." "ಏಳು ಬಾಗಿಲು ಅಂತ ಆ ಮುದುಕಿ ಹೇಳಿದ್ದಾಳೆ," ಎಂದ ಕಾಂತಪ್ಪ. "ಎಂಟನೇದು ತೆಗೆದ್ರೆ ನಾನು ಜಗಳ ಮಾಡುವವನೇ."

ಎಲ್ಲರೂ ಲೋಕಲ್ ರೈಲು ಹಿಡಿದು ಕುರ್ಲಾಕ್ಕೆ ಬಂದು, ಟಾಕೀಸಿನ ಮೊದಲ ಸಾಲಿನಲ್ಲಿ ಒತ್ತೊತ್ತಾಗಿ ಕೂತಿದ್ದಾರೆ; ಅವರ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಲ್ಲಕ್ಕ ಈಗಿನಿಂದಲೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ. ಭಾಗವ್ವ ತನ್ನ ಪಕ್ಕದ ಕುರ್ಚಿಯನ್ನು ಸೆರಗಿನಿಂದ ಒರೆಸಿ ಖಾಲಿ ಇಟ್ಟಿದ್ದಾಳೆ.

ದೀಪ ಆರಿಸುತ್ತಿದ್ದಾರೆ. ಮೊದಲ ಹೂಂ ನನ್ನದು. ಆ ತಾಯಿಯ ಕಥೆಗೆ ಕೊನೆ ಸಿಗಲಿ, ನೀನು ಎದ್ದು ಈ ಕಡೆ ತಿರುಗುವಂತಾಗಲಿ.

ನಿನ್ನ ತಪ್ಪುಗಾರ ಗೆಳೆಯ,
ಮರೆಪ್ಪ