ಅಪ್ಪನ ದನಿಯ ಶ್ರುತಿಪೆಟ್ಟಿಗೆ

ಕವಾಲಾ
೪ ಮೇ ೨೦೦೯

ಪ್ರೀತಿಯ ತಂಗಿ ಅರೆತಿಗೆ,

ಕ್ರಿಸ್ತ ಎದ್ದಿದ್ದಾನೆ! ನೀನು ಅಲ್ಲಿ ಲಿಮ್ನೋಸಿನಲ್ಲಿ ಕೂತುಕೊಂಡೇ ‘ನಿಜವಾಗಿ ಎದ್ದಿದ್ದಾನೆ’ ಅಂತ ಹೇಳಿಕೋ, ಆಮೇಲೆ ನನ್ನನ್ನು ಬೈಯಲು ಶುರು ಮಾಡು. ಈಸ್ಟರ್ ಹಬ್ಬ ಕಳೆದು ಎರಡು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಫೋನಿನಲ್ಲಿ ಕೇಳಿದರೆ ‘ಎಲ್ಲ ಆರಾಮ’ ಅಂತ ಹೇಳಿ ಇಟ್ಟುಬಿಟ್ಟೆ. ಆರಾಮ ಎಲ್ಲಿಂದ ಬರಬೇಕು ನನಗೆ? ಅಪ್ಪನ ವಿಷಯ ಎತ್ತಿದರೆ ನೀನು ಅಳುತ್ತೀಯ, ನಾನು ಕೂಗಾಡುತ್ತೇನೆ, ಅಪ್ಪ ಪಕ್ಕದ ಕೋಣೆಯಲ್ಲೇ ಕಿವಿ ಕೊಟ್ಟುಕೊಂಡು ಕೂತಿರುತ್ತಾನೆ. ಅದಕ್ಕೇ ಈ ಕಾಗದ.

ಸುತ್ತಿ ಬಳಸಿ ಹೇಳುವುದು ಬೇಡ. ಅಪ್ಪ ಹಾಡುವುದು ನಿಲ್ಲಿಸಿದ್ದಾನೆ. ಚರ್ಚಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಕ್ಷೌರ ಮಾಡಿಕೊಳ್ಳುವಾಗ ಗುನುಗುತ್ತಿದ್ದನಲ್ಲ, ಅದೂ ಇಲ್ಲ. ಬಚ್ಚಲಿನಿಂದ ಬರೀ ಕತ್ತಿಯ ಕರಕರ ಸದ್ದು. ಎವ್ಲಾಂಬಿಯಾ ನನ್ನ ಮುಖ ನೋಡುತ್ತಾಳೆ, ಎಲ್ಲಕ್ಕೂ ಗಂಡನಾದ ನಾನೇ ಕಾರಣ ಅನ್ನುವ ಹಾಗೆ.

ಇದೆಲ್ಲ ಆ ಹಾಳು ಪೆಟ್ಟಿಗೆಯಿಂದ ಆದದ್ದು. ನಿನಗೆ ನೆನಪಿರಬೇಕು, ಹಿಂದೊಮ್ಮೆ ಚರ್ಚಿನ ಹಾಡು ಕಲಿಯುವ ನನ್ನ ಶಿಷ್ಯರಿಗಾಗಿ ಒಂದು ಶ್ರುತಿಪೆಟ್ಟಿಗೆ ಮಾಡಿದ್ದೆ. ಮನೆಯಲ್ಲಿ ಒಬ್ಬೊಬ್ಬರೇ ಅಭ್ಯಾಸ ಮಾಡುವವರಿಗೆ ಶ್ರುತಿ ಹಿಡಿಯಲು ಜೊತೆಗೆ ಯಾರಿರುತ್ತಾರೆ? ಸಂತೆಯಲ್ಲಿ ಸಿಗುವ ಯಂತ್ರ ಹಸು ಕೂಗಿದ ಹಾಗೆ ಕೂಗುತ್ತದೆ. ಅದಕ್ಕೆ ಅಪ್ಪನನ್ನೇ ನಮ್ಮ ನೀರಿನ ಆಫೀಸಿನ ಪಂಪ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ ಕೂರಿಸಿ, ಒಂದೊಂದು ಸ್ವರವನ್ನೂ ಹಿಡಿಸಿ ರೆಕಾರ್ಡ್ ಮಾಡಿಕೊಂಡೆ. ಆಗ ಅವನ ದನಿ ಹೇಗಿತ್ತು! ಮೇಲೆ ಹಾಡುವವನು ಎಷ್ಟು ಕುಣಿದರೂ ಕೆಳಗೆ ಅದು ಅಲ್ಲಾಡುತ್ತಿರಲಿಲ್ಲ. ಗುಂಡಿ ಒತ್ತಿದರೆ ಅಪ್ಪ, ಬಿಟ್ಟರೆ ಮೌನ. ಪೆಟ್ಟಿಗೆ ಮುಗಿದ ದಿನ ಅಪ್ಪನೇ ಊರಿಗೆಲ್ಲ ಹೇಳಿಕೊಂಡು ಬಂದ, ‘ನನ್ನ ಮಗ ನನ್ನನ್ನ ಡಬ್ಬಿಗೆ ತುಂಬಿದಾನೆ’ ಅಂತ.

ಈಗ ಅವನಿಗೆ ವಯಸ್ಸಾಗಿದೆ, ಚರ್ಚಿನಲ್ಲಿ ನನ್ನ ಹಾಡಿಗೆ ಶ್ರುತಿ ಹಿಡಿಯುವಾಗ ದನಿ ಇಳಿಯುತ್ತದೆ. ಸ್ವಲ್ಪವೇ, ಕೂದಲೆಳೆಯಷ್ಟು. ಆದರೆ ಶ್ರುತಿ ಇಳಿದರೆ ಹಾಡುವವನೂ ಇಳಿಯುತ್ತಾನೆ, ಪಾದ್ರಿಯೂ ಇಳಿಯುತ್ತಾರೆ, ಪೂಜೆ ಮುಗಿಯುವ ಹೊತ್ತಿಗೆ ಇಡೀ ಚರ್ಚು ನೆಲಮಾಳಿಗೆಯಲ್ಲಿರುತ್ತದೆ. ಲೆಂಟಿನ ಉಪವಾಸದ ದಿನಗಳಲ್ಲಿ ನಮ್ಮ ಪಾದ್ರಿ ಪಾಪಾ-ಸ್ಟೆರ್ಗಿಯೋಸ್ ನನ್ನನ್ನು ಪಕ್ಕಕ್ಕೆ ಕರೆದರು. “ಇಸಿದೋರ, ಪವಿತ್ರ ವಾರಕ್ಕೆ ನಿನ್ನ ಪೆಟ್ಟಿಗೆ ತಂದಿಡು ಮಾರಾಯ. ಹಿರಿಯರಿಗೂ ವಿಶ್ರಾಂತಿ ಸಿಗುತ್ತೆ.”

“ಅಪ್ಪ ಏನು ಮಾಡಬೇಕು ಹಾಗಾದರೆ? ಬೆಂಚಿನ ಮೇಲೆ ಕೂತು ಆಕಳಿಸಬೇಕಾ?” ಅಂದೆ.

“ಛೇ ಛೇ! ಗುಂಡಿ ಒತ್ತೋಕೆ ಅವರೇ ಇರಲಿ. ಯಾವಾಗ ಸ್ವರ ಬದಲಾಯಿಸಬೇಕು ಅನ್ನೋದು ಅವರಿಗಿಂತ ಯಾರಿಗೆ ಗೊತ್ತು?”

ದೊಡ್ಡ ಉಪಕಾರ ಮಾಡಿದ ಮುಖ ಅವರದು! ನನಗೂ ಆ ವಾರ ತಲೆ ಕೆಟ್ಟುಹೋಗಿತ್ತು. ಹಗಲು ಪಂಪು, ಸಂಜೆ ಪಾಠ. ಮೇಲಿನ ಕೇರಿಗೆ ನೀರು ಹತ್ತುತ್ತಿರಲಿಲ್ಲ, ಕೀರ್ತನೆಯ ಮಧ್ಯದಲ್ಲೇ ಜೇಬಿನ ಫೋನು ನಡುಗುತ್ತಿತ್ತು. ಆಫೀಸಿನವರಿಗೆ ನಾನು ‘ಪಾದ್ರಿ’, ಚರ್ಚಿನವರಿಗೆ ‘ಪ್ಲಂಬರ್’. ಎರಡು ಕಡೆಯೂ ನನ್ನ ಕೆಲಸ ಏನು ಅಂತ ಒಬ್ಬನಿಗೂ ಗೊತ್ತಿಲ್ಲ. ಸರಿ, ಒಂದು ವಾರ ತಾನೇ ಅಂತ ತಂದಿಟ್ಟೆ.

ಅಪ್ಪ ನೋಡು, ಆ ಸೈತಾನ! ಒಳ್ಳೆ ಕೋಟು ಹಾಕಿಕೊಂಡು ಬಂದು ನನ್ನ ಪಕ್ಕ ನಿಂತು, ಬಾಯಿ ಮುಚ್ಚಿಕೊಂಡು ಗುಂಡಿ ಒತ್ತಿದ. ಎಲ್ಲೂ ತಪ್ಪಲಿಲ್ಲ. ಪೂಜೆ ಮುಗಿದ ಮೇಲೆ ನಮ್ಮ ಕಟುಕ ಪಾಸ್ಕಾಲಿಸ್, ನನ್ನ ಶಿಷ್ಯರಲ್ಲೆಲ್ಲ ದೊಡ್ಡ ದನಿ, ಚಿಕ್ಕ ಬುದ್ಧಿ ಅವನದು, ಓಡಿ ಬಂದು ಅಪ್ಪನ ಕೈ ಕುಲುಕಿದ. “ವೀರೋನ್ ಮಾವ, ಇವತ್ತು ದನಿ ಬೊಂಬಾಟ್! ಹತ್ತು ವರ್ಷ ಚಿಕ್ಕವರಾಗಿಬಿಟ್ಟಿದ್ದೀರ!”

ಅಪ್ಪ ಅವನನ್ನೇ ನೋಡಿದ. “ಹಾಡಿದ್ದು ನಾನಲ್ಲಪ್ಪ, ಅವನು” ಅಂತ ಪೆಟ್ಟಿಗೆ ತೋರಿಸಿದ. ಅವತ್ತಿನಿಂದ ಪೆಟ್ಟಿಗೆಗೆ ‘ಅವನು’ ಅಂತಲೇ ಹೆಸರು.

ಆ ವಾರದ ಮಂಗಳವಾರ ಸಂಜೆ ಗೊತ್ತಲ್ಲ, ವರ್ಷವಿಡೀ ಚರ್ಚಿನ ಕಡೆ ತಲೆಹಾಕದವರೂ ಆ ಒಂದು ದೊಡ್ಡ ಹಾಡು ಕೇಳಲು ಬರುತ್ತಾರೆ. ಕಾಲಿಡಲು ಜಾಗವಿರಲಿಲ್ಲ. ನಾನು ಹಾಡಿನ ಅರ್ಧದಲ್ಲಿದ್ದೆ, ಉಸಿರು ಬಿಗಿಹಿಡಿದು ಎಳೆಯಬೇಕಾದ ಜಾಗ. ಅಷ್ಟರಲ್ಲಿ ಟಪ್ ಅಂತ ಕರೆಂಟು ಹೋಯಿತು! ಏನಾಗಿತ್ತು ಗೊತ್ತಾ? ಸಮಿತಿಯ ಮಹಾನುಭಾವರು ಹಿಂದಿನ ಕೋಣೆಯಲ್ಲಿ ಕಾಫಿ ಕಾಯಿಸಲು ಹೀಟರನ್ನು ನಮ್ಮದೇ ಲೈನಿಗೆ ಸಿಕ್ಕಿಸಿದ್ದರು. ಆ ಪವಿತ್ರ ಹೊತ್ತಿನಲ್ಲೇ ಅವರಿಗೆ ಕಾಫಿ ಬೇಕಾಗಿತ್ತು!

ಪೆಟ್ಟಿಗೆ ಸತ್ತಿತು. ಮೇಣದ ಬತ್ತಿಗಳ ಬೆಳಕಿನಲ್ಲಿ ನಾನು ಅಪ್ಪನ ಕಡೆ ತಿರುಗಿದೆ. ನಾನೊಬ್ಬನೇ ಅಲ್ಲ, ಶಿಷ್ಯರೆಲ್ಲ ತಿರುಗಿದರು. ಅವನು ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡೇ ನಿಂತಿದ್ದ. ತುಟಿ ಬಿಚ್ಚಲಿಲ್ಲ. ಪಾಸ್ಕಾಲಿಸ್ ಗಾಬರಿಯಲ್ಲಿ ಯಾವುದೋ ಸ್ವರ ಹಿಡಿದ, ಉಳಿದವರು ಅವನ ಹಿಂದೆ ಹೋದರು. ನಾನು ಕಾಲ ಕೆಳಗೆ ನೆಲವಿಲ್ಲದವನ ಹಾಗೆ ಹಾಡಿ ಮುಗಿಸಿದೆ. ಊರಿನ ಮುಂದೆ ಇದ್ದಬದ್ದ ಮರ್ಯಾದೆಯೆಲ್ಲ ಹೋಯಿತು.

ಅಂಗಳದಲ್ಲಿ ಅವನನ್ನು ಹಿಡಿದು ಕೂಗಿದೆ. “ಅಪ್ಪಾ, ಯಾಕೆ ಹಿಡೀಲಿಲ್ಲ? ಕಣ್ಣೆದುರು ಮಗ ಮುಳುಗ್ತಾ ಇದ್ದರೂ ಹಾಗೇ ನಿಂತಿದ್ದೆಯಲ್ಲ!”

“ನನ್ನ ಕೆಲಸ ಗುಂಡಿ ಒತ್ತೋದು. ಒತ್ತಿದೆ. ಅವನು ಬರಲಿಲ್ಲ” ಅಂದ. “ಇಂಜಿನಿಯರ್ ನೀನು, ನೋಡ್ಕೋ.”

ಹೋಗಲಿ, ಸಿಟ್ಟು, ಇಳಿಯುತ್ತದೆ ಅಂದುಕೊಂಡೆ. ಹಬ್ಬದ ರಾತ್ರಿ ಊರೆಲ್ಲ ಬಾಯಿ ತುಂಬ ಹಾಡುವಾಗಲೂ ಮೇಣದ ಬತ್ತಿ ಹಿಡಿದು ಮೂಕನಂತೆ ನಿಂತಿದ್ದ. ಮನೆಗೆ ಬಂದು ಮಾಗಿರಿತ್ಸಾ ಸೂಪು ಎರಡು ಬಟ್ಟಲು ಕುಡಿದ, ಹಬ್ಬದ ಆಟಕ್ಕೆ ನನ್ನ ಕೆಂಪು ಮೊಟ್ಟೆಗೆ ತನ್ನ ಮೊಟ್ಟೆ ಗುದ್ದಿ ಒಡೆದ, ಗೆದ್ದು ನಕ್ಕ. ಹಾಗಾದರೆ ಸಿಟ್ಟೂ ಅಲ್ಲ. ಸಿಟ್ಟಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು!

ಪಾಪಾ-ಸ್ಟೆರ್ಗಿಯೋಸ್ ಬಂದು ಕ್ಷಮೆ ಕೇಳಿದರು, ಪೆಟ್ಟಿಗೆ ತೆಗೆಸಿಬಿಡುತ್ತೇನೆ ಅಂದರು. ಅಪ್ಪ ಅವರಿಗೆ ಕಾಫಿ ಮಾಡಿಕೊಟ್ಟು, “ಯಾಕೆ ಫಾದರ್, ಚೆನ್ನಾಗಿ ಹಿಡೀತಾನಲ್ಲ ಅವನು. ಇರಲಿ ಬಿಡಿ” ಅಂದ. ನಾನೇ ಹೋಗಿ ಪೆಟ್ಟಿಗೆ ಕಿತ್ತು ಮನೆಗೆ ತಂದರೆ, “ಅವನನ್ನ ಇಲ್ಲಿಗೆ ಯಾಕೆ ತಂದೆ? ಇರೋ ಕೋಣೆ ನಮಗೇ ಸಾಲದು” ಅಂತ ತಮಾಷೆ ಬೇರೆ. ಏನು ಮಾಡಲಿ ಹೇಳು ಇಂಥವನನ್ನು ಕಟ್ಟಿಕೊಂಡು?

ಇದೇ ಇಪ್ಪತ್ತೊಂದಕ್ಕೆ ನಮ್ಮ ಚರ್ಚಿನ ಹಬ್ಬ. ಆವತ್ತು ಅಪ್ಪ ನನ್ನ ಪಕ್ಕ ನಿಂತು ಬಾಯಿ ತೆರೆಯದೇ ಹೋದರೆ ಇನ್ನು ಯಾವತ್ತೂ ತೆರೆಯುವುದಿಲ್ಲ, ಬರೆದಿಟ್ಟುಕೋ. ಅವನು ಕೇಳುವುದು ನಿನ್ನ ಮಾತನ್ನು ಮಾತ್ರ. ಶಾಲೆಗೆ ರಜೆ ಹಾಕು, ಹಡಗು ಹತ್ತಿ ಬಾ. ಎವ್ಲಾಂಬಿಯಾ ನಿನಗೆ ಮಹಡಿಯ ಕೋಣೆ ಸಿದ್ಧ ಮಾಡಿದ್ದಾಳೆ. ಮಕ್ಕಳಿಗೆ ನನ್ನ ಮುತ್ತು. ಸಂತ ಹೆಲೆನಿ ನಿಮ್ಮ ಮನೆಯನ್ನು ತಣ್ಣಗಿಡಲಿ, ನಿನ್ನ ಗಂಟಲು ಕಾಯಲಿ.

ನಿನ್ನ ಅಣ್ಣ
ಇಸಿದೋರೋಸ್

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಇಬ್ಬರೇ ಕೂತಿದ್ದಾಗ ಅಪ್ಪ ಕೇಳಿದ, “ಮಗಾ, ನಿಜ ಹೇಳು. ನಿನಗೆ ಯಾರ ಜೊತೆ ಹಾಡೋದು ಸಲೀಸು? ಅವನ ಜೊತೇನಾ, ನನ್ನ ಜೊತೇನಾ?” ಸ್ವರದ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ ಅರೆತಿ, ಆ ಬುದ್ಧಿ ಕಲಿಸಿದವನೇ ಅವನು. ನಾನು ಬಂದರಿನ ಕಡೆ ನೋಡುತ್ತ ಕೂತೆ. ಆಮೇಲೆ ಅಪ್ಪ ನನ್ನ ಬೆನ್ನು ತಟ್ಟಿ, “ಕಾಫಿ ಆರ್ತಿದೆ, ಕುಡಿ” ಅಂದ. ನೀನು ಬಂದಾಗ ಯಾರ ಶ್ರುತಿ ಚೆನ್ನ ಅಂತ ನಿನ್ನನ್ನೂ ಕೇಳುತ್ತಾನೆ, ನಿನ್ನ ಕಿವಿ ಎಂಥದ್ದು ಅಂತ ಅವನಿಗೆ ಗೊತ್ತು. ನಿನ್ನ ಕಾಲಿಗೆ ಬೀಳುತ್ತೇನೆ, ಸುಳ್ಳು ಹೇಳು.